ಹಳದಿ ಕೊಡೆ

ಬನ್ನಿ, ಈ ಹಳದಿ ಕೊಡೆ ಕಾಣುವವರೆಗೂ
ನೀವು ತಪ್ಪಿಸಿಕೊಂಡಂತಲ್ಲ.
ಇದು ಪಸ್ಸಾವ್. ಮೂರು ಹೊಳೆ ಕೂಡುವ ಮೂಲೆ:
ಇನ್ ಹಸಿರು, ಇಲ್ಟ್ಸ್ ಕಪ್ಪು, ಡ್ಯಾನ್ಯೂಬ್
ಈ ಹೊತ್ತು ಯಾವ ಬಣ್ಣವೋ ನೀವೇ ಹೇಳಿ.

ಹನ್ನೆರಡಕ್ಕೆ ಚರ್ಚಿನ ಆರ್ಗನ್ನು. ಆಮೇಲೆ ಊಟ:
ಲಿವರ್ ಉಂಡೆಯ ಸಾರು, ಹುಳಿ ಎಲೆಕೋಸು,
ಮುಷ್ಟಿಗಾತ್ರದ ಬ್ರೆಡ್ಡಿನ ಕಡುಬು.
ಚಾಕು ಬೇಡ, ಫೋರ್ಕಿನಲ್ಲೇ ಮುರಿಯಿರಿ;
ಕತ್ತರಿಸಿದರೆ ಅಡುಗೆಯವಳಿಗೆ ಅವಮಾನ
ಎಂದು ನನ್ನತ್ತೆ ವಾಲ್‌ಬುರ್ಗಾ ಗದರುತ್ತಿದ್ದಳು.

ಪುರಭವನದ ಗೋಡೆ. ನೆರೆ ಏರಿದ ಗುರುತುಗಳು.
ನೀವೆಲ್ಲ ಕೆಳಗೆ ನಿಂತು ಕೈ ಎತ್ತುತ್ತೀರಿ,
ನಿಲುಕದು, ನಗುತ್ತೀರಿ, ಫೋಟೊ.
ನಾನೂ ನಗುತ್ತೇನೆ; ಹನ್ನೊಂದು ವರ್ಷದ ರೂಢಿ.

ಇವತ್ತು ಲೈಪ್ಜಿಗ್ಗಿನ ಪೋರಿಯೊಬ್ಬಳು, ಬಾಯ್ತುಂಬ ಪ್ರೆಟ್ಜೆಲ್,
"ನೀರು ಬಂದಾಗ ನಿನ್ನ ಮನೆ ಎಲ್ಲಿತ್ತು?" ಎಂದಳು.
ಕೊಡೆಯ ತುದಿಯಿಂದ ತೋರಿಸಿದೆ:
ಆ ಬೇಕರಿಯ ಹಿಂದೆ, ತಗ್ಗಿನ ಕಿಟಕಿ.
ಅತ್ತೆಯ ಕಡುಬಿನ ಪಾತ್ರೆ ತೇಲಿಹೋಯಿತು.
ಮುಚ್ಚಳ ಮಾತ್ರ ಸಿಕ್ಕಿತು,
ಮೂರು ದಿನ ಬಿಟ್ಟು, ಯಾರದೋ ಮೆಟ್ಟಿಲ ಕೆಸರಲ್ಲಿ.

"ಅದಕ್ಕೀಗ ಬೇರೆ ಪಾತ್ರೆ ಇದೆಯಾ?"
ಇದೆ. ಸರಿಯಾಗಿ ಕೂರುವುದಿಲ್ಲ.
ಕುದಿವಾಗ ಕಟಕಟ ಎನ್ನುತ್ತದೆ.

ಬನ್ನಿ ಬನ್ನಿ, ದೋಣಿ ಎರಡೂವರೆಗೆ.