ಹೆಚ್ಚುಕಡಿಮೆ

ಹನ್ನೊಂದು ವರ್ಷ ಒಂದೇ ಅಂಕಿಯ ಬೆನ್ನುಬಿದ್ದಿದ್ದೆ.
ಸೀಸದ ತೆಳುಪದರ, ದ್ರವ ಹೀಲಿಯಂ,
ದಶಮಾಂಶದಾಚೆ ಆರನೆಯ ಮನೆ.
ಅದರ ಪಕ್ಕ ಪುಟ್ಟದೊಂದು ಕೂಡು-ಕಳೆ ಗುರುತು:
ಇಷ್ಟು ತಪ್ಪಿರಬಹುದು ಎಂಬ ಒಪ್ಪಿಗೆ.
ಆ ಪ್ರಬಂಧ ಓದಿದವರು ನಲವತ್ತು ಜನ,
ಹೆಚ್ಚುಕಡಿಮೆ.

ಈಗ ಶಿವಮೊಗ್ಗದ ಸಾಗರ ರಸ್ತೆ,
ಟೈರ್ ಅಂಗಡಿಯ ಹಿಂದೊಂದು ಶೆಡ್ಡು.
ರಬ್ಬರ್ ಸುಟ್ಟ ವಾಸನೆಯಲ್ಲಿ ಕೂತು
ಲೋಲಕದ ಗುಂಡು ತೂಗುತ್ತೇನೆ, ಡಬ್ಬಿ ತುಂಬುತ್ತೇನೆ,
ಜಿಎಸ್‌ಟಿ ಕಟ್ಟಲು ಮರೆತು ದಂಡ ಕಟ್ಟುತ್ತೇನೆ.
ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಮುಂದೆಯೇ ಮುದುಕರಾದ
ದಸ್ತಗೀರ್ ಸಾಬರು ಹಿತ್ತಾಳೆ ಕಡೆಯುತ್ತಾರೆ.
"ಇದು ಕೂದಲೆಳೆ ಜಾಸ್ತಿ ಆಯ್ತು ಮೇಡಂ"
ಎಂದು ತಾವೇ ಪಕ್ಕಕ್ಕೆಸೆಯುತ್ತಾರೆ.
ನನ್ನ ಗೈಡ್ ಕೂಡ ಇಷ್ಟು ಕಟ್ಟುನಿಟ್ಟಿರಲಿಲ್ಲ.

ಬ್ಯಾಂಕಿನಲ್ಲಿ ಕೇಳಿದರು:
"ಮುಂದಿನ ವರ್ಷ ಎಷ್ಟು ಡಬ್ಬಿ ಹೋಗುತ್ತೆ?"
ಎಂಟುನೂರು, ಅಂದೆ. ಅಭ್ಯಾಸಬಲ, ಸೇರಿಸಿಬಿಟ್ಟೆ:
ಇನ್ನೂರು ಹೆಚ್ಚು, ಇಲ್ಲಾ ಇನ್ನೂರು ಕಡಿಮೆ.
ಮ್ಯಾನೇಜರು ಪೆನ್ನಿಗೆ ಕ್ಯಾಪು ಹಾಕಿದರು.
"ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ
ಯಾರಮ್ಮ ಜವಾಬ್ದಾರಿ?"

ಒಂದೇ ಮಾತು.
ಅಲ್ಲಿ ವಿನಯ, ಇಲ್ಲಿ ಅನಾಹುತ.
ಕೊನೆಗೆ ನನ್ನ ಪ್ರಾವಿಡೆಂಟ್ ಫಂಡೇ
ಎರಡನೇ ಕೈ ಲೇತ್ ಆಗಿ ಬಂದು ಶೆಡ್ಡಿನಲ್ಲಿ ಕೂತಿತು.

ಯಾಕೆ ಬಿಟ್ಟಿರಿ ಅನ್ನುವವರಿಗೆ
ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ.
ಗ್ರಾಂಟು ಮುಗಿಯಿತು. ನಿಜ.
ಸಂದರ್ಶನಕ್ಕೆ ಬಂದ ಚಿನ್ನದ ಪದಕದ ಹುಡುಗ
ತಂತಿಯ ಸಿಪ್ಪೆ ಸುಲಿಯಲು ಬಾರದೆ
ಕೈ ಹಿಂದೆ ಕಟ್ಟಿ ನಿಂತುಬಿಟ್ಟ. ಅದೂ ನಿಜ.
ಪೂರ್ತಿ ಕಾರಣವನ್ನು ನಾನೂ ಅಳೆದಿಲ್ಲ.

ರಿಪ್ಪನ್‌ಪೇಟೆ ದಾಟಿ ಒಂದು ಹೈಸ್ಕೂಲು.
ಕಿಟಕಿಯ ಸರಳಿಗೆ ದಾರ ಕಟ್ಟಿ,
ಫಿಲೋಮಿನಾ ಟೀಚರ ಕೈಗಡಿಯಾರ ಬೇಡಿ ಪಡೆದು
ಒಂಬತ್ತನೇ ಕ್ಲಾಸಿನ ಹಾಲಮ್ಮ ಇಪ್ಪತ್ತು ತೂಗು ಎಣಿಸಿದಳು,
ತುಟಿ ಅಲ್ಲಾಡಿಸುತ್ತ.
ಭಾಗಿಸಿ, ವರ್ಗ ಮಾಡಿ, ಬಂದದ್ದು
ಒಂಬತ್ತು ದಶಮಾಂಶ ಮೂರು.

ಪಠ್ಯಪುಸ್ತಕದಲ್ಲಿ ಎಂಟು.
ಆಚೀಚೆ ನೋಡಿ, ರಬ್ಬರ್ ತೆಗೆದು,
ಮೂರನ್ನು ಎಂಟು ಮಾಡಲು ಹೊರಟಳು.
ಎಷ್ಟು ಸುಲಭ! ಬಾಯಿ ಮುಚ್ಚಿದರೆ ಎಂಟು.
"ತೂಗಿಸಿದ್ದು ನೀನು. ಬಂದದ್ದೇ ಇರಲಿ."
"ತಪ್ಪಲ್ವಾ ಮಿಸ್?"
"ತಪ್ಪೇ. ಎಲ್ಲಿ ಕೂತಿದೆ ನೋಡು."

ಊಟದ ಗಂಟೆ ಹೊಡೆಯಿತು. ಅನ್ನದ ಸಾಲು ಹೊರಟಿತು.
ಅವಳೊಬ್ಬಳೇ ದಾರ ಹಿಡಿದು ನಿಂತಳು.
ಸ್ಕೇಲನ್ನು ಗಂಟಿನ ತನಕ ಇಟ್ಟಳು. ತಡೆದಳು.
ಆಮೇಲೆ ಇನ್ನೂ ಕೆಳಗೆ ಜಾರಿಸಿ,
ಗುಂಡಿನ ಹೊಟ್ಟೆಯ ನಡುವೆ ಉಗುರೊತ್ತಿದಳು:
"ಇಷ್ಟು ಬಿಟ್ಟಿದ್ದೆ."

ಹೀಲಿಯಂ ಮುಟ್ಟಿದಂತೆ ಮೈ ಜುಂ ಅಂದಿತು.
ಹೊಗಳಲಿಲ್ಲ. ಊಟಕ್ಕೆ ಹೋಗು, ಸಾರು ಆರುತ್ತೆ, ಅಂದೆ.

ಮೂರು ಡಬ್ಬಿ ಉಳಿಸಿಕೊಂಡರು. ಚೆಕ್ಕು ಮಾರ್ಚ್ ಮೇಲಂತೆ.
ಸಂಜೆ ಶೆಡ್ಡಿನಲ್ಲಿ ಸಾಬರು ದುಡ್ಡಿನ ಮಾತೆತ್ತಲಿಲ್ಲ.
ಆಗಷ್ಟೇ ಕಡೆದ ಗುಂಡೊಂದನ್ನು
ನನ್ನ ಅಂಗೈಗೆ ಹಾಕಿದರು.
ಇನ್ನೂ ಬಿಸಿಯಿತ್ತು.