ಮೂರು ಮಿಲಿಮೀಟರಿನ ತೂತು

ಉದ್ಯಮಬಾಗಿನಲ್ಲಿ, ಎರಕದ ಮನೆಯ ಕರಿ ಮರಳು
ಗಾಳಿಗೆ ಹಾರಿ ಬಂದು ಚಹಾದ ಮೇಲೆ ಕೂಡುವ ಕಡೆ
ನಮ್ಮ ತಗಡಿನ ಶೆಡ್ಡು.
ಮೊಟ್ಟೆಪೆಟ್ಟಿಗೆಗೆ ಕಾವು ಕಾಯುವ ಕಂಟ್ರೋಲರು ಮಾಡುತ್ತೇವೆ,
ವಾರಕ್ಕೆ ಹನ್ನೆರಡು. ಕರೆಂಟು ಸರಿ ಇರದ ವಾರ ಏಳು.

ಟ್ರಿಮ್ಮರ್ ಅಂದರೆ ಹುಣಸೆ ಬೀಜದಷ್ಟು.
ನೀಲಿ ಮೈ, ಮೂರು ಕಾಲು, ನೆತ್ತಿಯ ಮೂಲೆಗೊಂದು ಹಿತ್ತಾಳೆ ತಿರುಪು.
ಈ ತುದಿಯಿಂದ ಆ ತುದಿಗೆ ಇಪ್ಪತ್ತೈದು ಸುತ್ತು.
ತಿರುಗಿತೋ ಇಲ್ಲವೋ ಬೆರಳಿಗೆ ತಿಳಿಯದು,
ಮೀಟರಿಗೆ ತಿಳಿಯುತ್ತದೆ.

ಮೊದಲು ಅದರ ಜಾಗದಲ್ಲಿ ಗುಂಡಿ ಇಡುತ್ತಿದ್ದೆ, ಪ್ಯಾನೆಲಿನ ಮುಂದೆಯೇ,
ಕರಿ ಗುಂಡಿ, ಬಿಳಿ ಗೆರೆ, ಹಳೇ ರೇಡಿಯೋದ ಥರ.
ದೇಮಣ್ಣ ಅಂದಿದ್ದ:
"ತಿರುಗೂದು ಕಂಡರ ಮಂದಿ ತಿರುವೇ ತಿರುವತಾರ, ತಂಗಿ.
ಅವರ ತಪ್ಪಲ್ಲ ಅದು. ಕೈ ಇರೂದ ಹಂಗ."
ನಾನು ಕೇಳಲಿಲ್ಲ. ಗುಂಡಿ ಚಂದ ಕಾಣುತ್ತಿತ್ತು.

ಕಿತ್ತೂರಿನ ಆಚೆಯಿಂದ ಜೈಬುನ್ನಿಸಾ ಫೋನು ಮಾಡಿದಳು, ನಸುಕಿನಲ್ಲಿ.
ನೆರೆಮನೆಯ ಕೂಸು, ನಾಕು ವರ್ಷದ್ದು,
ಹಾಡು ಹತ್ತತದ ಅಂತ ತಿರುವಿತ್ತು.
ಮುನ್ನೂರ ಹನ್ನೆರಡು ಮೊಟ್ಟೆ, ಹದಿನೆಂಟನೇ ದಿನ.
ಬೈಯಲಿಲ್ಲ ಅವಳು.
"ಒಂದ ಒಡದ ನೋಡಿದ್ಯಾ. ತುಪ್ಪಳ ಬಂದಿತ್ತು," ಅಂದಳು.
ಆಮೇಲೆ ಇಬ್ಬರೂ ಸುಮ್ಮನೆ ಫೋನು ಹಿಡಿದುಕೊಂಡೇ ಇದ್ದೆವು.

ಅವತ್ತು ಗುಂಡಿ ಹೋಯಿತು.
ಬೋರ್ಡಿನ ಅಂಚಿಗೆ ಈಗ ಟ್ರಿಮ್ಮರ್ ಅಡ್ಡ ಮಲಗುತ್ತದೆ,
ತಿರುಪಿನ ಮುಖ ಪ್ಯಾನೆಲಿನ ಕಡೆಗೆ.
ಪ್ಯಾನೆಲಿಗೆ ಮೂರು ಮಿಲಿಮೀಟರಿನ ತೂತು:
ಸಣ್ಣ ಸ್ಕ್ರೂಡ್ರೈವರು ಹೋಗಬೇಕು,
ಕೂಸಿನ ಕಿರುಬೆರಳು ಹೋಗಬಾರದು.

ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ.
ಬೋರ್ಡು ಒಂದು ಮಿಲಿ ಸರಿದರೂ ತೂತಿನೊಳಗೆ ಬರೀ ಕತ್ತಲು.
ಪಂಚು ಜಾರಿದರೆ ಡ್ರಿಲ್ಲು ತನ್ನ ಮನಸ್ಸಿನ ಕಡೆ ಓಡುತ್ತದೆ.
ಅಂಚಿಗೆ ಎದ್ದ ಅಲ್ಯುಮಿನಿಯಂ ಮುಳ್ಳು ಕೆರೆಯದಿದ್ದರೆ
ಯಾವತ್ತೋ ಒಂದು ದಿನ ಅದು ಬೋರ್ಡಿನ ಮೇಲೆ ಬಿದ್ದು
ಸೇರಬಾರದ ಎರಡನ್ನು ಸೇರಿಸುತ್ತದೆ.
ಕಡೆಗೆ ಮೀಟರು ನೋಡಿ, ಮೂವತ್ತೇಳೂವರೆಗೆ ನಿಲ್ಲಿಸಿ,
ತಿರುಪಿನ ತಲೆಗೆ ಮಗಳ ನೇಲ್‌ಪಾಲಿಶ್, ಒಂದು ಹನಿ, ಕೆಂಪು.

"ತೂತರೇ ಯಾಕಬೇಕ ಅಕ್ಕಾ? ಪೂರಾ ಮುಚ್ಚಿಬಿಡೂಣು," ಅಂದ ಸಿದ್ರಾಯಿ.
ನನಗೂ ಒಮ್ಮೆ ಹಾಗೇ ಅನಿಸಿತ್ತು.

ಏಪ್ರಿಲಿನಲ್ಲಿ ಮತ್ತೆ ಅದೇ ನಂಬರು.
"ನಿನ್ನ ಡಬ್ಬಿ ಅರ್ಧ ಡಿಗ್ರಿ ಸುಳ್ಳ ಹೇಳಾಕತ್ತೇತಿ.
ಎಲ್ಲಿ ತಿರುವಬೇಕ ಹೇಳು."
ಸ್ಟಿಕರು ಕೀಳು, ಅಂದೆ. ತೂತು ಐತಿ. ಕೆಂಪು ಒಡಿ.
ಕಬ್ಬಿಣ ತುರುಕಬೇಡ, ಒಳಗೆ ಕರೆಂಟು.
ಹಳೇ ಹಲ್ಲಿನ ಬ್ರಶ್ಶಿನ ಹಿಡಿ ಮುರಿದು
ಒಗೆಯುವ ಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಿದಳು.
ತಿಕ್ಕುವ ಸಪ್ಪಳ ನನಗಿಲ್ಲಿ ಕೇಳುತ್ತಿತ್ತು.

ಅರ್ಧ ಸುತ್ತು. ಹತ್ತು ನಿಮಿಷ ಕಾಯಿ.
ಕಾಲು ಸುತ್ತು ಹಿಂದಕ್ಕೆ. ಮತ್ತೆ ಕಾಯಿ.
ನಡುವೆ ಅವಳ ಕೋಳಿ, ಅವಳ ಮೈದುನನ ಜಗಳ,
ಬೈಲಹೊಂಗಲದ ದಲ್ಲಾಳಿ ಕೊಡಬೇಕಾದ ರೊಕ್ಕ,
ಎಲ್ಲ ಕೇಳಿದೆ.
"ಆತು, ನಿಂತತು," ಅಂದಳು.
ಈಗ ಕೆಂಪು ಹಚ್ಚು ಮತ್ತ, ಅಂದೆ.

"ನಾ ಆ ಬಣ್ಣ ಇಟ್ಟಕೊಳ್ಳೂದಿಲ್ಲವಾ.
ಉಗರಿಗೆ ನೀರ ತಾಗೂದಿಲ್ಲ, ನಮಾಜಿಗೆ ನಡಿಯೂದಿಲ್ಲ."
ನಕ್ಕಳು. "ಮೇಣಬತ್ತಿ ಹನಿ ಹಾಕತೀನಿ, ಆದೀತಾ?"
ಆದೀತು ಅಂದೆ, ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ.

ಇವತ್ತು ಸಿದ್ರಾಯಿ ಕೊರೆದ ತೂತಿಗೆ ಬ್ಯಾಟರಿ ಬಿಟ್ಟು ನೋಡಿದೆ:
ಹಿತ್ತಾಳೆ ಎಡಕ್ಕೆ ಸರಿದು ಅರ್ಧ ಮಾತ್ರ ಹೊಳೆಯಿತು.
ಬಿಡು, ನಡೀತದ, ಅಂದ.
ಕಿತ್ತೂರಿನ ಆಚೆ ಒಂದು ಬ್ರಶ್ಶಿನ ಹಿಡಿ ಐತಿ, ಅದಕ್ಕೆ ನಡಿಯೂದಿಲ್ಲ, ಅಂದೆ.
ಅವನಿಗೆ ತಿಳಿಯಲಿಲ್ಲ.
ಅರ ಕೊಟ್ಟೆ.