ಅಲಗು

ಶುಕ್ರವಾರ ಮಧ್ಯಾಹ್ನ, ಸೋಹಾರ್.
ಸಲೂನು ತೆರೆಯಲು ಇನ್ನೂ ಎರಡು ಗಂಟೆ.
ಮದಾರಸಾಬ ರೂಮಿಗೆ ಬಂದ, ಕಂಕುಳಲ್ಲಿ
ಗೋಣಿತಾಟು ಸುತ್ತಿದ ಏನೋ ಒಂದು.
ಮೀನು ಅಂದುಕೊಂಡೆ.
ಬಿಚ್ಚಿದರೆ ಹುಲ್ಲು ಕತ್ತರಿಸುವ ಮಷಿನ್ನಿನ ಅಲಗು,
ಮೊಳದುದ್ದ, ನಡುವೆ ತೂತು,
ಎರಡೂ ತುದಿಗೆ ಒಣಗಿ ಕಚ್ಚಿದ ಹಸಿರು.

"ವರ್ಕ್‌ಶಾಪಿಗೆ ಕೊಟ್ರ ಹದಿನೈದು ದಿನ ನೋಡಪಾ.
ಹುಲ್ಲಿನ ತುದಿ ಬೆಳ್ಳಗಾಗ್ಯಾವಂತ ಮುದೀರ ಬೈತಾನ.
ಇದು ಕೊಯ್ಯಾಂಗಿಲ್ಲ, ಹರೀತೈತಿ.
ನೀ ಕ್ಷೌರದಾಂವ, ಮಸಿಯೂದು ನಿನಗ ಗೊತ್ತು."

ಗೊತ್ತಿತ್ತು.
ಹನ್ನೊಂದು ವರ್ಷದಿಂದ ನಾನು ಏನನ್ನೂ ಮಸೆದಿಲ್ಲ.
ಬಲದಿಯಾದವರ ಕಾನೂನು: ಗಿರಾಕಿಗೊಂದು ಹೊಸ ಬ್ಲೇಡು,
ಕಾಗದದೊಳಗೇ ಎರಡಾಗಿ ಮುರಿ, ಅರ್ಧ ಸಿಕ್ಕಿಸು,
ಗಡ್ಡ ಮುಗಿದರೆ ಹಳದಿ ಡಬ್ಬಿಗೆ ಎಸೆ.
ಎಷ್ಟು ಸಾವಿರ ಎಸೆದೆನೋ,
ಒಂದೂ ಕೈಗೆ ನೆನಪಿಲ್ಲ.

ಅಜ್ಜನದು ಒಂದೇ ಕತ್ತಿ. ಹಲ್ಲುಜ್ಜುವ ಮೊದಲೇ
ಚರ್ಮದ ಪಟ್ಟಿಗೆ ಅದನ್ನು ಉಜ್ಜುತ್ತಿದ್ದರು.
ಬೆನ್ನು ಮುಂದೆ, ಬಾಯಿ ಹಿಂದೆ.
ಮನುಷ್ಯರಿಗೂ ಅದೇ ಒಳ್ಳೇದು ಅನ್ನುತ್ತಿದ್ದರು.
ಅವರ ಸಾಣೆಕಲ್ಲು ನನ್ನ ಟ್ರಂಕಿನ ತಳದಲ್ಲಿದೆ, ಲುಂಗಿಯಲ್ಲಿ ಸುತ್ತಿ.
ಮಸ್ಕತ್ತಿನಲ್ಲಿ ಇಳಿದಾಗ ಕಸ್ಟಮ್ಸಿನವ ಎತ್ತಿ ನೋಡಿ ಕೇಳಿದ್ದ:
ನಮ್ಮಲ್ಲಿ ಕಲ್ಲಿಗೇನು ಬರ ಅಂತ ತಂದೆ?

ಬಚ್ಚಲ ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತೆ.
ನೀರು, ಕಲ್ಲು, ಕಬ್ಬಿಣ.
ಎದುರು ರೂಮಿನ ಭಟ್ಕಳದವ ಇಣುಕಿ,
"ಯಾರ ಮೇಲೆ ಮಾರಾಯ ಇಷ್ಟು ಮಸೀತಾ ಇದ್ದೀ?" ಅಂದ.
ಯಾರ ಮೇಲೂ ಅಲ್ಲ ಅಂದೆ. ಅನ್ನುವಷ್ಟರಲ್ಲಿ
ಒಂದೆರಡು ಮುಖ ಬಂದುಹೋದವು, ಸುಳ್ಳು ಯಾಕೆ.

ಸಲೂನು ಮುಚ್ಚಿ ಬಂದು ಮತ್ತೆ ಕೂತೆ.
ರಾತ್ರಿ ಎರಡಕ್ಕೆ ಮುಂಗೈಗೆ ಹಿಡಿದರೆ
ಕೂದಲು ಸದ್ದಿಲ್ಲದೆ ಉದುರಿತು.
ಎಬ್ಬಿಸಿ ತೋರಿಸೋಣ ಅನ್ನಿಸಿತು, ಯಾರನ್ನಾದರೂ.

ಶನಿವಾರ ಸಂಜೆ ಮದಾರ ವಾಪಸು ಬಂದ. ಸಿಟ್ಟಿರಲಿಲ್ಲ.
"ಮೊದಲ ಹತ್ತು ಮಾರು ಏನ್ ಕೊಯ್ತಂತಿ, ರೇಶಿಮಿ!
ಆಮ್ಯಾಗ ಒಂದು ಖಜೂರದ ಬೀಜ ಸಿಕ್ತು."
ಬೈಸಿಕೊಂಡ ಹುಡುಗನ ತುಟಿಯ ಹಾಗೆ
ಅಲಗಿನ ಬಾಯಿ ಮಡಚಿಕೊಂಡಿತ್ತು.
"ಇದು ಮಾರಿ ಅಲ್ಲೋ, ನೆಲ.
ನೆಲಕ್ಕ ಇಷ್ಟು ಚೂಪು ತಡ್ಯಾಂಗಿಲ್ಲ.
ಬೆಣ್ಣಿ ಹಚ್ಚೂ ಚಾಕು ಇರ್ತೈತಲ, ಅಷ್ಟಿದ್ರ ಸಾಕು."

ಏಸಿ ಮೆಕ್ಯಾನಿಕ್ಕಿನಿಂದ ಅರ ಕೇಳಿ ತಂದೆವು.
ಅವನು ಕಾಲಲ್ಲಿ ಒತ್ತಿ ಹಿಡಿದ, ನಾನು ಉಜ್ಜಿದೆ,
ಇದ್ದ ಓರೆಯಲ್ಲೇ, ಒಂದೇ ದಿಕ್ಕಿಗೆ, ಎದೆಯಿಂದ ಆಚೆಗೆ.
ಸಾಕು ಅಂದ. ನನ್ನ ಕೈ ಕೇಳಲಿಲ್ಲ.
ಸಾಕೋ ಅಂದರ, ಅಂದ.

ಆಮೇಲೆ ಗೋಡೆಯ ಕ್ಯಾಲೆಂಡರು ತೆಗೆದು ಮಂಚದ ಮೇಲಿಟ್ಟ.
ಆ ಮೊಳೆಗೆ ಅಲಗಿನ ತೂತು ಸಿಕ್ಕಿಸಿ ಕೈ ಬಿಟ್ಟ.
ಎಡಗಡೆ ಇಳಿಯಿತು.
"ಒಂದು ಕಡೆ ಭಾರ ಇದ್ರ ಮಷಿನ್ ನಡುಗತೈತಿ.
ಮಷಿನ್ ನಡುಗಿದ್ರ ಕೈ. ದಿನಾ ಎಂಟು ತಾಸು.
ಮಲಗಿದ ಮ್ಯಾಲೂ ಬಿಡಾಂಗಿಲ್ಲ ಅದು."

ಮೂರು ವರ್ಷದಿಂದ ಅವನು ಮೇಲಿನ ಮಂಚ, ನಾನು ಕೆಳಗಿನದು.
ನಡುರಾತ್ರಿ ಕಬ್ಬಿಣದ ಕಾಲುಗಳು ಕಟಕಟ ಅನ್ನುವಾಗ
ಏನೋ ಕನಸು ಬಿತ್ತು ಪಾಪ, ಅಂದುಕೊಂಡು
ಹೊದಿಕೆ ಎಳೆದುಕೊಂಡಿದ್ದೆ.

ಎಡಗಡೆ ನಾಲ್ಕು ಉಜ್ಜು. ತೂಗಿ ನೋಡು.
ಇನ್ನೆರಡು. ತೂಗು.
ಏಸಿಯ ಗಾಳಿಗೆ ಒಂಚೂರು ತೊನೆದು
ಅಡ್ಡಕ್ಕೆ ನಿಂತಿತು.

ಕ್ಯಾಲೆಂಡರನ್ನು ಯಾರೂ ಮತ್ತೆ ನೇತುಹಾಕಿಲ್ಲ.
ಮೊಳೆ ಬೇಕಾಗುತ್ತದೆ, ಎರಡು ವಾರಕ್ಕೊಮ್ಮೆಯಾದರೂ.

ಸೋಮವಾರ ರಾತ್ರಿ ಬೇಕೆಂದೇ ಎಚ್ಚರವಿದ್ದೆ.
ಮೇಲಿನ ಮಂಚ ಒಮ್ಮೆ ಅಲುಗಿತು.
ಮಗ್ಗುಲು ಬದಲಿಸಿದ, ಅಷ್ಟೇ.